ತಬಲಾಕ್ಕೆ ಕುಳಿತ ಗುರು

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ ನಡೆಯಿತು. ಕುಂದಗೋಳ ಸೀಮೆಯ ಯಲಿವಾಳದ ಹುಡುಗನೊಬ್ಬ, ಇನ್ನೂ ಇಪ್ಪತ್ತು ದಾಟದವನು, ಆ ವೇದಿಕೆಯಲ್ಲಿ ತನ್ನ ಮೊದಲ ಕಛೇರಿ ಹಾಡಿದ. ಬಸವರಾಜ ರಾಜಗುರು ಎಂಬ ಆ ಹೆಸರು ಮುಂದೆ ದೇಶವೆಲ್ಲ ಹಬ್ಬಿತು. ಅಂದು ಅವರ ಪಕ್ಕದಲ್ಲಿ ತಬಲಾ ಮುಂದಿಟ್ಟುಕೊಂಡು ಕುಳಿತವರು ಅವರ ಗುರು ಪಂಚಾಕ್ಷರ ಗವಾಯಿಗಳು. ಗುರು ಮುಂದೆ ಕುಳಿತು ಹಾಡುವುದು, ಶಿಷ್ಯ ಹಿಂದೆ ತಂಬೂರಿ ಮೀಟುತ್ತ ದನಿಗೂಡಿಸುವುದು ನಮ್ಮ ಸಂಗೀತದ ರೂಢಿ. ಆ ದಿನ ಗುರುವೇ ಸಾಥಿಗೆ ಕುಳಿತರು. ಹಾಡು ಶಿಷ್ಯನದು, ಚಪ್ಪಾಳೆಯೂ ಶಿಷ್ಯನದು. ಅವನ ಲಯ ಜಾರದಂತೆ ಕಾಯುವ ಹೊಣೆ ಮಾತ್ರ ಗುರುವಿನದು. ಸಂಗೀತ ಮಾಸ್ತರರ ಕೆಲಸ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಮ್ಮ ಸೀಮೆಯ ಇತಿಹಾಸದಲ್ಲಿ ಸಿಗಲಾರದು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನ ಗವಾಯಿಗಳ ಹೆಸರನ್ನು ಕೈಮುಗಿದೇ ಹೇಳುತ್ತಾರೆ. ಪಂಚಾಕ್ಷರ ಗವಾಯಿಗಳ, ಪುಟ್ಟರಾಜ ಗವಾಯಿಗಳ ಪಟಗಳು ಮನೆಗಳಲ್ಲೂ ಅಂಗಡಿಗಳಲ್ಲೂ ದೇವರ ಪಟಗಳ ಸಾಲಿನಲ್ಲಿಯೇ ಇರುತ್ತವೆ. ಈ ಭಕ್ತಿಯಲ್ಲಿ ಸುಳ್ಳಿಲ್ಲ. ಆದರೆ ದೇವರೆಂದು ಪೂಜಿಸುವ ಭರದಲ್ಲಿ, ಅವರು ದಿನ ಬೆಳಗಾದರೆ ಮಕ್ಕಳನ್ನು ಕೂರಿಸಿಕೊಂಡು ಸರಿಗಮ ಹೇಳಿಕೊಟ್ಟ ಶಾಲಾ ಮಾಸ್ತರರು ಎಂಬುದು ಮರೆಯಾಗುತ್ತದೆ. ದೇವರನ್ನು ಯಾರೂ ಅನುಕರಿಸಬೇಕಾಗಿಲ್ಲ, ಪೂಜಿಸಿದರೆ ಸಾಕು. ಮಾಸ್ತರರ ವಿಷಯ ಹಾಗಲ್ಲ. ಅವರು ಮಾಡಿದ ಕೆಲಸವನ್ನು ಇನ್ನೊಬ್ಬರು ಮಾಡಬೇಕಾಗುತ್ತದೆ, ಅದು ಪ್ರತಿ ಪೀಳಿಗೆಗೂ ಹೊಸದಾಗಿ ಆಗಬೇಕು. ಸಂಗೀತ ಗುರುವಿನ ಋಣ ಅವರ ಕೆಲಸ ಮುಂದುವರಿದಾಗಲೇ ತೀರುತ್ತದೆ; ಆದ್ದರಿಂದ ಗವಾಯಿಗಳ ನೆಲವೆಂದು ಹೆಮ್ಮೆಪಡುವ ಈ ಸೀಮೆಯ ಪ್ರತಿ ಸರಕಾರಿ ಶಾಲೆಯ ಮಗುವಿಗೂ ಒಬ್ಬ ಸಂಗೀತ ಶಿಕ್ಷಕರ ಪಾಠ ಸಿಗಬೇಕು. ಈ ಲೇಖನದ ವಾದ ಇಷ್ಟೇ.

ಅರವತ್ತಾರು ವರ್ಷದ ಋಣ

ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹುಟ್ಟಿನಿಂದಲೇ ಕಣ್ಣಿಲ್ಲ. ಆ ಕಾಲದ ಹಳ್ಳಿಯಲ್ಲಿ ಕುರುಡು ಮಗುವಿನ ಮುಂದೆ ಭಿಕ್ಷೆಯ ಹಾದಿ ಬಿಟ್ಟರೆ ಬೇರೆ ಹಾದಿ ಅಪರೂಪವಾಗಿತ್ತು. ಬಾದಾಮಿಯ ಬಳಿ 1909ರಲ್ಲಿ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರ ಶಿವಯೋಗಿಗಳು ಆ ಬಾಲಕನ ದನಿಯನ್ನು ಗುರುತಿಸಿ, ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಕರ್ನಾಟಕ ಪದ್ಧತಿಯನ್ನೂ ಹಿಂದುಸ್ತಾನಿ ಪದ್ಧತಿಯನ್ನೂ ಕಲಿತ ಗವಾಯಿಗಳು ತಾವೊಬ್ಬರೇ ಹಾಡಿಕೊಂಡು ಹೆಸರು ಮಾಡಬಹುದಿತ್ತು. ಅವರು ಶಾಲೆ ಮಾಡಿದರು. ಅದಕ್ಕೆ ಕಟ್ಟಡವಿರಲಿಲ್ಲ, ಊರಿಂದ ಊರಿಗೆ ಮಕ್ಕಳ ಜೊತೆ ನಡೆಯುವ ಸಂಚಾರಿ ಪಾಠಶಾಲೆ ಅದು. ತಮ್ಮಂತೆಯೇ ಕಣ್ಣಿಲ್ಲದವರು, ತಂದೆತಾಯಿ ಇಲ್ಲದವರು, ಉಣ್ಣಲು ಇಲ್ಲದವರು ಅಲ್ಲಿ ಸೇರಿದರು. 1940ರ ದಶಕದ ಆರಂಭದಲ್ಲಿ ಆ ಶಾಲೆ ಗದಗಿನಲ್ಲಿ ನೆಲೆ ನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಗವಾಯಿಗಳು ತೀರಿಕೊಂಡರು.

ಅಲ್ಲಿಗೆ ಶಾಲೆಯೂ ಮುಗಿದುಹೋಗಬಹುದಿತ್ತು. ಒಬ್ಬ ಗುರುವಿನ ಸುತ್ತ ಬೆಳೆದ ಎಷ್ಟೋ ಸಂಸ್ಥೆಗಳು ಗುರುವಿನೊಂದಿಗೇ ಮುಗಿಯುತ್ತವೆ. ಇದು ಮುಗಿಯದೆ ಉಳಿದದ್ದು ಒಬ್ಬ ಶಿಷ್ಯನಿಂದ. 1914ರಲ್ಲಿ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು 1944ರಿಂದ 2010ರ ಸೆಪ್ಟೆಂಬರ್ 17ರಂದು ಕಣ್ಮುಚ್ಚುವ ತನಕ, ಅರವತ್ತಾರು ವರ್ಷ ಆ ಶಾಲೆಯನ್ನು ನಡೆಸಿದರು. ಹಾಡಿದರು, ಹಲವು ವಾದ್ಯ ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಬರೆದರು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು, ಅದಕ್ಕೆ ನಾಟಕಗಳನ್ನೂ ಬರೆದರು. ಆ ಕಂಪನಿಯ ಹೆಸರಿನಲ್ಲಿ ‘ಕುಮಾರೇಶ್ವರ ಕೃಪಾಪೋಷಿತ’ ಎಂಬ ಮಾತಿದೆ. ಗುರುವಿಗೆ ಗುರುವಾಗಿದ್ದ ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಬೆಳೆದದ್ದು ಎಂದು ಜಾತ್ರೆಯ ಡೇರೆಯ ಬಾಗಿಲಲ್ಲೇ ಬರೆದುಕೊಂಡ ಹೆಸರು ಅದು. ಶಿಷ್ಯನ ಮೆಚ್ಚುಗೆ ಎಂದರೆ ಏನು ಎಂದು ಕೇಳುವವರಿಗೆ ಇಲ್ಲಿ ಉತ್ತರವಿದೆ. ಪುಟ್ಟರಾಜರು ಗುರುವನ್ನು ಹೊಗಳಿದ್ದಾರೆ, ನಿಜ. ಅದಕ್ಕಿಂತ ದೊಡ್ಡದು, ಗುರು ಬಿಟ್ಟುಹೋದ ಮಕ್ಕಳಿಗೆ ಪಾಠ ತಪ್ಪದಂತೆ ನೋಡಿಕೊಂಡದ್ದು.

ಆ ಸರಣಿ ಅವರಲ್ಲಿಗೂ ನಿಲ್ಲಲಿಲ್ಲ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ ಬಾಲಕನಾಗಿ ಬಂದ ಎಂ. ವೆಂಕಟೇಶಕುಮಾರ್ ಆಶ್ರಮದಲ್ಲಿ ಹನ್ನೆರಡು ವರ್ಷ ಪುಟ್ಟರಾಜರ ಬಳಿ ಕಲಿತರು. ಮುಂದೆ ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ದಶಕಗಟ್ಟಲೆ ಕಲಿಸಿದರು. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಸಿದ್ಧರಾಮ ಜಂಬಲದಿನ್ನಿಯವರು ರಾಯಚೂರು ಸೀಮೆಯಲ್ಲಿ ಸಂಗೀತ ಬಿತ್ತಿದರು. ಕ್ಲಾರಿಯೊನೆಟ್ ವಾದಕ ನರಸಿಂಹಲು ವಡವಾಟಿಯವರು ಅವರ ಬಳಿ ಕಲಿತವರು. ಹೆಸರಾದವರ ಪಟ್ಟಿಯನ್ನು ಇನ್ನೂ ಬೆಳೆಸಬಹುದು. ಆದರೆ ಆಶ್ರಮದ ನಿಜವಾದ ಸಾಧನೆಯನ್ನು ತೋರಿಸುವವರು ಪಟ್ಟಿಗೆ ಬಾರದವರು. ಶ್ರಾವಣ ಬಂತೆಂದರೆ ನಮ್ಮ ಊರೂರಿನ ಗುಡಿ-ಮಠಗಳಲ್ಲಿ ತಿಂಗಳ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳ ಪಕ್ಕದಲ್ಲಿ ಪೇಟಿ ಹಿಡಿದು ಕೂರುವ ಗವಾಯಿ, ತಬಲಾ ಸಾಥಿಗೆ ಕೂರುವ ಹುಡುಗ, ಮಠದ ಶಿವಾನುಭವದಲ್ಲಿ ವಚನ ಹಾಡುವವರು, ಕೀರ್ತನಕಾರರು, ದೂರದ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಸಂಗೀತ ಕಲಿಸುವ ಮಾಸ್ತರರು: ಆಶ್ರಮದಲ್ಲಿ ಕಲಿತವರ ಬಾಳು ಹೆಚ್ಚಾಗಿ ಇಂಥ ಕೆಲಸಗಳಲ್ಲಿ ಸಾಗಿದೆ. ಪದ್ಮ ಪ್ರಶಸ್ತಿಗೆ ಏರಿದವರು ಬೆರಳೆಣಿಕೆಯವರು. ತಮ್ಮ ವಿದ್ಯೆಯಿಂದ ತಮ್ಮ ಅನ್ನ ಗಳಿಸಿ ಮಾನದಿಂದ ಬಾಳಿದವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಶಾಲೆಯೊಂದನ್ನು ಅಳೆಯುವ ಸರಿಯಾದ ಕೋಲು ಈ ಎರಡನೆಯದು.

ಹೆಸರು ಬಾರದ ಮಾಸ್ತರರು

ಇಂಥ ಶಾಲೆ ಗದಗಿನಲ್ಲೇ ಬೇರೂರಿದ್ದಕ್ಕೆ ನೆಲದ ಗುಣವೂ ಕಾರಣ. ಸ್ವಾತಂತ್ರ್ಯಕ್ಕೆ ಮುಂಚೆ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿತ್ತು. ಹೀಗೆ ನಮ್ಮ ಊರುಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರೂ ಸಂಗೀತದ ದಾರಿಗಳು ಕೂಡಿದ್ದವು. ತಂಬೂರಿ ಮಾಡುವವರ ಊರಾದ ಮಿರಜ, ಸವಾಯಿ ಗಂಧರ್ವರ ಕುಂದಗೋಳ, ಧಾರವಾಡ, ಗದಗ ಒಂದೇ ಸುತ್ತಿನಲ್ಲಿದ್ದವು. ಕೆಳಗೆ ಹಳ್ಳಿಯಲ್ಲಿ ಭಜನಾ ಮೇಳ ಇತ್ತು. ಶಿಶುವಿನಹಾಳದ ಶರೀಫರ ತತ್ವಪದಗಳು ತಾಳ, ಏಕತಾರಿಯ ಜೊತೆ ಬಾಯಿಂದ ಬಾಯಿಗೆ ನಡೆದಿದ್ದವು. ಸುಗ್ಗಿ ಮುಗಿದ ಮೇಲೆ ಊರವರೇ ಆಡುವ ನಾಟಕಕ್ಕೆ ಪೇಟಿ ಮಾಸ್ತರರನ್ನು ಕರೆಸುತ್ತಿದ್ದರು. ಅವರು ರಾತ್ರಿಯೆಲ್ಲ ಕೂತು, ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರ ಗಂಟಲನ್ನು ಶ್ರುತಿಗೆ ತರುತ್ತಿದ್ದರು. ಓದು ಬಾರದವರಿಗೂ ರಂಗಗೀತೆಯ ರಾಗ ತಿಳಿದಿರುತ್ತಿತ್ತು, ಯಾಕೆಂದರೆ ಊರಿಗೊಬ್ಬರು ಕಲಿಸುವವರಿದ್ದರು.

ಭೀಮಸೇನ ಜೋಶಿಯವರ ಕತೆಯಲ್ಲಿಯೂ ಇಂಥ ಒಬ್ಬ ಮಾಸ್ತರರಿದ್ದಾರೆ. 1922ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿದ ಬಾಲಕ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೊರಟದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅವರಿಗೆ ಪಾಠ ಹೇಳಿದವರು ಕುರ್ತಕೋಟಿಯ ಅಗಸರ ಚನ್ನಪ್ಪನವರು. ಈ ಹೆಸರು ಹೆಚ್ಚು ಕಡೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆದರೆ ಆ ಸಾಲಿನ ತೂಕ ದೊಡ್ಡದು. ಮುದ್ರಿಕೆಯಲ್ಲಿ ಕೇಳಿದ ಸ್ವರ ಎಂಥದು, ತನಗೆ ಯಾವುದು ಬಾರದು, ಅದನ್ನು ಯಾರಲ್ಲಿ ಹುಡುಕಬೇಕು ಎಂದು ಹನ್ನೊಂದರ ಹುಡುಗನಿಗೆ ತಿಳಿಯಬೇಕಾದರೆ ಅವನ ಕಿವಿ ಆಗಲೇ ತೆರೆದಿರಬೇಕು. ಆ ಕಿವಿ ತೆರೆಸುವುದು ಊರ ಮಾಸ್ತರರ ಕೆಲಸ. ಭಾರತರತ್ನದ ದಾರಿ ಕುರ್ತಕೋಟಿಯ ಮೂಲಕವೂ ಹಾದು ಹೋಗಿದೆ.

ನಲವತ್ತು ನಿಮಿಷದಲ್ಲಿ ಏನಾದೀತು?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದೂ ಸಂಗೀತ ಬಲ್ಲವರಿಂದಲೇ. ಗವಾಯಿಗಳ ಬಳಿ ಮಕ್ಕಳು ಹತ್ತು ಹನ್ನೆರಡು ವರ್ಷ ಇದ್ದು, ಉಂಡು, ಸೇವೆ ಮಾಡಿ ಕಲಿತರು. ವಾರಕ್ಕೆರಡು ಸಲ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ನಲವತ್ತು ಮಕ್ಕಳ ನಡುವೆ ಯಾವ ವಿದ್ಯೆ ಬಂದೀತು, ಅದನ್ನು ಸಂಗೀತ ಎನ್ನುವುದೇ ತಪ್ಪಲ್ಲವೆ ಎಂದು ಅವರು ಕೇಳುತ್ತಾರೆ. ಕಲಾವಿದರನ್ನು ಬೆಳೆಸುವುದೇ ಗುರಿಯಾದರೆ ಈ ಮಾತು ಸರಿ. ಆದರೆ ಗಣಿತದ ಪೀರಿಯಡ್ಡಿನಿಂದ ಎಲ್ಲರೂ ರಾಮಾನುಜನ್ ಆಗಲಿ ಎಂದು ಯಾರೂ ಕಾಯುವುದಿಲ್ಲ. ಲೆಕ್ಕ ತಪ್ಪದ ಮನುಷ್ಯ ಆಗಲಿ ಎಂದು ಕಲಿಸುತ್ತೇವೆ. ಶಾಲೆಯ ಸಂಗೀತದಿಂದ ಬಯಸಬೇಕಾದದ್ದೂ ಅಷ್ಟೆ: ಶ್ರುತಿ ಯಾವುದು ಎಂದು ಗುರುತಿಸುವ ಕಿವಿ, ತಾಳಕ್ಕೆ ನಿಲ್ಲುವ ಕೈ, ನಾಲ್ಕು ಜನರೊಂದಿಗೆ ದನಿಗೂಡಿಸುವ ಸಂಕೋಚವಿಲ್ಲದ ಗಂಟಲು. ಹಂಗೇರಿಯಲ್ಲಿ ಜೋಲ್ತಾನ್ ಕೊಡಾಯಿ ಎಂಬ ಸಂಗೀತಗಾರ ಇದೇ ನಂಬಿಕೆಯಿಂದ ಕೆಲಸ ಮಾಡಿದರು. 1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೇಟಿನಲ್ಲಿ ದಿನವೂ ಹಾಡು ಕಲಿಸುವ ಪ್ರಾಥಮಿಕ ಶಾಲೆ ತೆರೆಯಿತು. ತಮ್ಮ ಜನಪದ ಹಾಡಿನಿಂದಲೇ ಮಕ್ಕಳ ಕಿವಿ ತಿದ್ದಬಹುದೆಂದು ಆ ದೇಶ ತೋರಿಸಿತು. ಭಜನೆ, ತತ್ವಪದ, ಸೋಬಾನೆ, ಬೀಸುವ ಪದಗಳಿರುವ ನಮಗೆ ಪಾಠದ ಸಾಮಗ್ರಿಯ ಬಡತನವಂತೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೇ ಶಿಕ್ಷಕರು ಸಾಲದ ಶಾಲೆಗಳಲ್ಲಿ ಸಂಗೀತ ಕೇಳುವುದು ಹೊಟ್ಟೆಗಿಲ್ಲದವನ ಮುಂದೆ ಜುಟ್ಟಿಗೆ ಮಲ್ಲಿಗೆ ಹಿಡಿದಂತೆ ಎನ್ನುವವರಿದ್ದಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಯಾಕೆಂದರೆ ಬಡ ತಂದೆತಾಯಿಯ ಆತಂಕ ಇದರಲ್ಲಿದೆ. ಆದರೆ ಮೊದಲು ಗಮನಿಸಬೇಕಾದದ್ದು: ಸಂಗೀತವನ್ನು ಅಲಂಕಾರ ಎಂದು ಒಪ್ಪಿಕೊಂಡರೆ ಮಾತ್ರ ಈ ವಾದ ನಿಲ್ಲುತ್ತದೆ. ಗದಗ ಜಿಲ್ಲೆಯಲ್ಲಿ ಕುಮಾರವ್ಯಾಸನಿಗಿಂತ ಒಳ್ಳೆಯ ಉದಾಹರಣೆ ಬೇಡ. ವೀರನಾರಾಯಣನ ಸನ್ನಿಧಿಯ ಈ ಕವಿಯ ಪದ್ಯಗಳು ನಮ್ಮ ಪಠ್ಯಪುಸ್ತಕಗಳಲ್ಲಿವೆ. ಅವನ ಭಾಮಿನಿ ಷಟ್ಪದಿ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳಲ್ಲಿ ನಡೆಯುತ್ತದೆ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಆ ನಡೆ ಮೂರು ಸಲ ಬಂದು ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಮಕ್ಕಳು ಇದಕ್ಕೆ ಪ್ರಸ್ತಾರ ಹಾಕಿ, ಗೆರೆ ಎಳೆದು ಅಂಕ ಗಳಿಸುತ್ತಾರೆ. ಆದರೆ ಮೂರು ಮತ್ತು ನಾಲ್ಕು ಕೂಡಿದರೆ ಏಳು. ತಬಲಾದ ರೂಪಕ ತಾಲಕ್ಕೂ ಏಳೇ ಮಾತ್ರೆ, ಅದೂ ಮೂರು, ಎರಡು, ಎರಡಾಗಿ ಒಡೆಯುತ್ತದೆ. ಸಂಗೀತ ಮಾಸ್ತರರು ಹತ್ತು ನಿಮಿಷ ಕೈತಾಳ ಹಾಕಿಸಿದರೆ, ಕಾಗದದ ಮೇಲೆ ಗೆರೆಯಾಗಿದ್ದ ಛಂದಸ್ಸು ಮಗುವಿನ ಮೈಗೆ ಹತ್ತುತ್ತದೆ. ಪದ ಎಲ್ಲಿ ಒಡೆಯಬೇಕು, ಉಸಿರು ಎಲ್ಲಿ ತೆಗೆಯಬೇಕು ಎಂದು ತಿಳಿದ ಮೇಲೆ ಅರ್ಥವೂ ಹತ್ತಿರ ಬರುತ್ತದೆ. ಗಮಕಿಗಳು ಹಳೆಯ ಕಾವ್ಯವನ್ನು ಓದು ಬಾರದವರಿಗೂ ಮುಟ್ಟಿಸಿದ್ದು ಹೀಗೆಯೇ. ಇಲ್ಲಿ ಸಂಗೀತ ಶಿಕ್ಷಕರು ಕನ್ನಡ ಶಿಕ್ಷಕರಿಗೆ ಕೈಜೋಡಿಸುವವರಾಗುತ್ತಾರೆ.

ಗಣಿತಕ್ಕೂ ಅಷ್ಟೆ. ಒಂದೇ ಆವರ್ತನದಲ್ಲಿ, ತಾಳದ ಮೂಲ ಬೋಲುಗಳಾದ ಠೇಕಾವನ್ನು ಒಂದು ಸಲ, ದುಗುನ್‌ನಲ್ಲಿ ಎರಡು ಸಲ, ತಿಗುನ್‌ನಲ್ಲಿ ಮೂರು ಸಲ ಹೇಳಿ, ಸಮಕ್ಕೆ ಸರಿಯಾಗಿ ಬಂದು ನಿಲ್ಲುವ ಮಗು ಭಿನ್ನರಾಶಿಯನ್ನು ಬಾಯಿಂದಲೇ ಮಾಡುತ್ತಿರುತ್ತದೆ. ಸಂಗೀತ ಕಲಿತರೆ ಗಣಿತದ ಅಂಕ ಹೆಚ್ಚುತ್ತದೆ ಎಂದು ಹೇಳಿ ಮಾರುವುದು ನನ್ನ ಉದ್ದೇಶವಲ್ಲ. ಇನ್ನೊಂದು ವಿಷಯದ ಕೂಲಿಯಾಳಾಗಿ ಸಂಗೀತ ಬದುಕಬೇಕಿಲ್ಲ. ಗಮನವಿಟ್ಟು ಕೇಳುವುದು, ಎಣಿಸುವುದು, ನೆನಪಿಡುವುದು, ತಪ್ಪಿದಾಗ ನಿಂತು ಮತ್ತೆ ಮೊದಲಿನಿಂದ ಹಿಡಿಯುವುದು ಎಲ್ಲ ವಿದ್ಯೆಗೂ ಬೇಕಾದ ಗುಣಗಳು, ಅವನ್ನು ಸಂಗೀತದ ತರಗತಿ ದಿನವೂ ತಿದ್ದುತ್ತದೆ ಎಂದಷ್ಟೇ ಹೇಳಬೇಕಾದದ್ದು. ಕಾನೂನೂ ಇದನ್ನು ಅಲಂಕಾರವೆಂದು ನೋಡಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಕಲಾ ಶಿಕ್ಷಣದ ಮೇಲೆ ಸಿದ್ಧವಾದ ವರದಿ, ಹತ್ತನೆಯ ತರಗತಿಯ ತನಕ ಕಲೆ ಕಡ್ಡಾಯ ವಿಷಯವಾಗಲಿ ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ಆರರಿಂದ ಎಂಟನೆಯ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಹೇಳುತ್ತದೆ. ಹೊಸ ಹಕ್ಕನ್ನು ಕೇಳುತ್ತಿಲ್ಲ. ಬರೆದಿಟ್ಟ ಹಕ್ಕನ್ನು ಶಿರಹಟ್ಟಿಯ ಮಗುವಿಗೆ ಮುಟ್ಟಿಸಿ ಎಂದು ಕೇಳುವುದಷ್ಟೆ.

ಫೋನು ಹಾಡುತ್ತದೆ, ಕೇಳುವುದಿಲ್ಲ

ಈಗ ಎಲ್ಲ ಫೋನಿನಲ್ಲಿದೆ, ದೊಡ್ಡ ದೊಡ್ಡ ಪಂಡಿತರ ಪಾಠವೇ ಉಚಿತವಾಗಿ ಸಿಗುವಾಗ ಹಳ್ಳಿಯ ಮಾಸ್ತರರು ಯಾಕೆ ಎಂಬುದು ಈ ಕಾಲದ ಆಕ್ಷೇಪ. ಕೇಳಲು ಸಿಗುವುದು ದೊಡ್ಡ ಭಾಗ್ಯ ಎಂಬುದರಲ್ಲಿ ಅನುಮಾನವಿಲ್ಲ. ಬಾಲಕ ಭೀಮಸೇನರನ್ನು ಮನೆಯಿಂದ ಹೊರಡಿಸಿದ್ದೂ ಒಂದು ಧ್ವನಿಮುದ್ರಿಕೆಯೇ. ಆದರೆ ಆ ಮುದ್ರಿಕೆ ಗುರುವನ್ನು ಹುಡುಕಲು ಕಳಿಸಿತು, ಗುರುವಿನ ಜಾಗದಲ್ಲಿ ಕೂರಲಿಲ್ಲ. ಫೋನು ಹಾಡುತ್ತದೆ, ಮಗು ಹಾಡಿದ್ದನ್ನು ಕೇಳುವುದಿಲ್ಲ. ಗಾಂಧಾರ ಒಂದೆಳೆ ಇಳಿದಿದೆ, ಉಸಿರು ಬೇಗ ತೀರುತ್ತಿದೆ, ಹಿಂದಿನ ಸಾಲಿನ ಹುಡುಗಿ ಬಾಯಷ್ಟೇ ಆಡಿಸುತ್ತಿದ್ದಾಳೆ, ನಿನ್ನೆ ಚೆನ್ನಾಗಿ ಹಾಡಿದವನು ಇಂದು ಹಸಿದು ಬಂದಿದ್ದಾನೆ: ಇದು ಗೊತ್ತಾಗುವುದು ಎದುರಿಗೆ ಕುಳಿತ ಮನುಷ್ಯರಿಗೆ ಮಾತ್ರ. ಈ ಮಾತಿಗೆ ಗದಗಿನ ಆಶ್ರಮಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅಲ್ಲಿ ಇಬ್ಬರು ಗುರುಗಳಿಗೂ ಕಣ್ಣಿರಲಿಲ್ಲ. ಶಿಷ್ಯನ ಮುಖ ನೋಡದೆ, ಬರೀ ದನಿ ಕೇಳಿಯೇ ಅವರು ನೂರಾರು ಮಕ್ಕಳನ್ನು ತಿದ್ದಿದರು. ಬೋಧನೆಯ ಅರ್ಧ ಭಾಗ ಕೇಳುವುದು ಎಂಬುದನ್ನು ಅವರ ಬದುಕು ಸಿದ್ಧಮಾಡಿ ತೋರಿಸಿತು.

ಕೊನೆಯ ಆಕ್ಷೇಪ ಬೇರೆ ದಿಕ್ಕಿನದು. ಆಶ್ರಮ ನಡೆದದ್ದು ಮಠದ ಕೃಪೆಯಿಂದ, ಭಕ್ತರ ಕಾಣಿಕೆಯಿಂದ, ಸನ್ಯಾಸಿಯ ತ್ಯಾಗದಿಂದ; ಅದನ್ನು ಸರಕಾರಿ ಶಾಲೆಗೆ ಮಾದರಿ ಎನ್ನುವುದು ಹೇಗೆ? ಗುರುವನ್ನು ಪ್ರಶ್ನಿಸಬಾರದೆಂಬ ಹಳೆಯ ಭಯವನ್ನೂ ಅದರೊಂದಿಗೆ ತಂದಂತಾಗದೆ? ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಬೇಕು. ಪುಟ್ಟರಾಜರಿಗೆ ಭಕ್ತರು ಊರೂರಿನಲ್ಲಿ ನಾಣ್ಯದ ತುಲಾಭಾರ ಮಾಡಿದರು. ಅವರು ತಕ್ಕಡಿಯಲ್ಲಿ ಕೂತದ್ದರಿಂದ ಬಂದ ಹಣ ಮಕ್ಕಳ ದಾಸೋಹಕ್ಕೆ ಹೋಯಿತು. ಇದು ಸಮಾಜವೊಂದು ಶಿಕ್ಷಕರನ್ನು ಹೊತ್ತು ಸಾಕಿದ ಅಪೂರ್ವ ಉದಾಹರಣೆ. ಹಾಗೆಂದು ಪ್ರತಿ ಊರಿನ ಸಂಗೀತ ಶಿಕ್ಷಕರೂ ಸನ್ಯಾಸಿಯಾಗಲಿ, ತ್ಯಾಗದಿಂದ ಬದುಕಲಿ ಎಂದು ಬಯಸುವುದು ಅನ್ಯಾಯ. ಅವರಿಗೆ ಸಂಸಾರವಿದೆ. ಅವರಿಗೆ ತಿಂಗಳ ಸಂಬಳ ಬೇಕು, ವೇಳಾಪಟ್ಟಿಯಲ್ಲಿ ಪೀರಿಯಡ್ ಬೇಕು, ಬೇರೆ ಶಿಕ್ಷಕರ ಸಮಕ್ಕೆ ಕುರ್ಚಿ ಬೇಕು. ಭಯದ ಮಾತಿಗೆ ಉತ್ತರ ಹಂಪಿಯ ವೇದಿಕೆಯಲ್ಲೇ ಇದೆ: ಶಿಷ್ಯನ ಸಾಥಿಗೆ ಕೂರಬಲ್ಲ ಗುರು ಮಕ್ಕಳನ್ನು ಹೆದರಿಸಿ ಕಲಿಸಬೇಕಿಲ್ಲ. ಆಶ್ರಮದಿಂದ ಶಾಲೆ ತೆಗೆದುಕೊಳ್ಳಬೇಕಾದದ್ದು ಒಂದೇ ನಿಯಮ: ಯಾವ ಮಗುವನ್ನೂ ನಿನಗೆ ಸಂಗೀತ ಬಾರದು ಎಂದು ಬಾಗಿಲಿಂದ ತಿರುಗಿಸಿ ಕಳಿಸಬಾರದು. ಸಂಬಳದ ಶಿಕ್ಷಕರಿಂದಲೂ ಇದು ಆಗುತ್ತದೆ: ವೆನಿಸ್‌ನ ಪಿಯೆಟಾ ಎಂಬ ಅನಾಥಾಲಯ 1703ರಲ್ಲಿ ಸಂಗೀತಗಾರ ವಿವಾಲ್ದಿಯನ್ನು ಪಿಟೀಲು ಶಿಕ್ಷಕನಾಗಿ ಸಂಬಳ ಕೊಟ್ಟು ನೇಮಿಸಿಕೊಂಡಿತು. ಅಲ್ಲಿಯ ಅನಾಥ ಹೆಣ್ಣುಮಕ್ಕಳ ವಾದ್ಯಮೇಳ ಯುರೋಪಿನಲ್ಲೆಲ್ಲ ಹೆಸರಾಯಿತು. ಎಲ್ಲಿಯೇ ಆಗಲಿ, ಒಳ್ಳೆಯ ಶಿಕ್ಷಕರನ್ನು ಬಡ ಮಕ್ಕಳ ಎದುರಿಗೆ ತಂದು ಕೂರಿಸಿದಲ್ಲಿ ಸಂಗೀತ ಬೆಳೆದಿದೆ.

ಮಾಡಬೇಕಾದದ್ದು ಕೈಗೆ ಎಟುಕದ್ದೇನಲ್ಲ. ಪ್ರತಿ ಶಾಲೆಗೆ ಪೂರ್ಣಾವಧಿ ಶಿಕ್ಷಕರು ಇವತ್ತೇ ಆಗದಿದ್ದರೆ, ಅಕ್ಕಪಕ್ಕದ ನಾಲ್ಕಾರು ಶಾಲೆಗಳಿಗೆ ಒಬ್ಬರು ವಾರದ ದಿನಗಳನ್ನು ಹಂಚಿಕೊಂಡು ಹೋಗಬಹುದು. ಪಂಚಾಕ್ಷರ ಗವಾಯಿಗಳ ಶಾಲೆಯೂ ಮೊದಲು ಸಂಚಾರಿಯೇ ಆಗಿತ್ತು. ಒಂದು ಪೇಟಿ, ಒಂದು ಜೋಡಿ ತಬಲಾ, ಹತ್ತು ಜೋಡಿ ತಾಳ ಇದ್ದರೆ ತರಗತಿ ಶುರುವಾಗುತ್ತದೆ. ಕಲಿಸಬಲ್ಲವರನ್ನು ದೂರ ಹುಡುಕಬೇಕಿಲ್ಲ. ಆಶ್ರಮದಲ್ಲಿ, ಧಾರವಾಡದಲ್ಲಿ ಕಲಿತು ಕೆಲಸಕ್ಕಾಗಿ ಕಾಯುವ ಯುವಕ ಯುವತಿಯರು ಈ ಸೀಮೆಯಲ್ಲೇ ಇದ್ದಾರೆ. ಅವರಲ್ಲಿ ದೃಷ್ಟಿ ಇಲ್ಲದವರಿಗೆ ಮೊದಲ ಆದ್ಯತೆ ಸಿಕ್ಕರೆ, ಮಕ್ಕಳು ಸಂಗೀತದ ಜೊತೆಗೆ ಇನ್ನೊಂದು ಪಾಠವನ್ನೂ ಮಾತಿಲ್ಲದೆ ಕಲಿಯುತ್ತಾರೆ. ಬದಲಾಗಬೇಕಾದ ಇನ್ನೊಂದು ಸಂಗತಿ ಅಳತೆ. ಪ್ರತಿಭಾ ಕಾರಂಜಿಯ ಬಹುಮಾನಕ್ಕೆ ಇಂಪಾದ ಗಂಟಲಿನ ಒಬ್ಬಳನ್ನು ಆರಿಸಿ ತಯಾರು ಮಾಡುವುದು ಸುಲಭ. ಶಾಲೆಯ ಸಂಗೀತ ಗೆದ್ದಿತೆ ಎಂದು ತಿಳಿಯಬೇಕಾದರೆ ಉಳಿದ ಮೂವತ್ತೊಂಬತ್ತು ಮಕ್ಕಳ ಪ್ರಾರ್ಥನೆಯನ್ನು ಕೇಳಬೇಕು.

ಸಂಗೀತಗಾರರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಎಷ್ಟು ಕಲಿತರೂ ತಾನು ಇನ್ನೂ ಕೇಳುವ ಜಾಗದಲ್ಲೇ ಇದ್ದೇನೆ ಎಂಬ ವಿನಯ ಅದರಲ್ಲಿದೆ ಎಂದು ನನಗೆ ತೋರುತ್ತದೆ. ಗದಗ ಸೀಮೆಯೂ ಗವಾಯಿಗಳ ಹೆಸರಿಗೆ ಕಿವಿ ಮುಟ್ಟಿಕೊಳ್ಳುತ್ತದೆ. ಪಂಚಾಕ್ಷರ ಗವಾಯಿಗಳು ತೀರಿದ ಮೇಲೆ ಪುಟ್ಟರಾಜರು ಪಾಠಕ್ಕೆ ಕುಳಿತರು. ಪುಟ್ಟರಾಜರು ತೀರಿದ ಮೇಲೂ ಆಶ್ರಮದಲ್ಲಿ ಪಾಠ ನಡೆದಿದೆ. ಆಶ್ರಮ ತನ್ನ ಪಾಲಿನ ಋಣ ತೀರಿಸುತ್ತಿದೆ. ಇನ್ನು ಉಳಿದದ್ದು ಊರಿನ ಪಾಲು. ಶಿರಹಟ್ಟಿಯ ಒಂದು ಸರಕಾರಿ ಶಾಲೆಯಲ್ಲಿ, ಮುಂದೆ ಎಂದೂ ವೇದಿಕೆ ಹತ್ತದ, ಹತ್ತಬೇಕೆಂಬ ಆಸೆಯೂ ಇಲ್ಲದ ಮಗುವೊಂದು ಹಾಡಲು ಬಾಯಿ ತೆರೆದಾಗ, ಪಕ್ಕದಲ್ಲಿ ತಬಲಾ ಎಳೆದುಕೊಂಡು ಠೇಕಾ ಹಿಡಿಯಲು ಒಬ್ಬ ಮಾಸ್ತರರು ಇರಬೇಕು.